ರೆಬೋಲೊದ ಕಿವಿ

ನಮ್ಮ ಮನೆಗೂ ನಿಕಾನೋರ್ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಒಂದು ಗೇಣು ದಪ್ಪದ್ದು. ಆ ಕಡೆ ಯಾರಾದರೂ ಸೀನಿದರೆ ಈ ಕಡೆಯಿಂದ ನಾನು ಹರಸುತ್ತೇನೆ. ಮುಂಗೋಣೆಯಲ್ಲೇ ಹೆಂಗಸರ ಕೂದಲು ಕತ್ತರಿಸಿ, ಸುರುಳಿ ಹಾಕಿ ಬದುಕುವವಳು ನಾನು. ನನ್ನ ಗಿರಾಕಿಗಳಿಗೆ ಓದುವುದಕ್ಕೆ ಪತ್ರಿಕೆ ಬೇಕಾಗಿಲ್ಲ, ಆ ಗೋಡೆಯೇ ಸಾಕು. ಆ ಮನೆಯ ಐದು ಜನರಲ್ಲಿ ನಾಲ್ವರ ದನಿ ಸಲೀಸಾಗಿ ಗೋಡೆ ದಾಟಿ ಬರುತ್ತದೆ. ದಾಟದೇ ಇರುವುದು ನಿಕಾನೋರ್ ಹೆಂಡತಿ ಎಡಿಲ್ಮಾ ಅವರದ್ದು ಮಾತ್ರ. ನಮ್ಮ ರೆಬೋಲೊ ಬಡಾವಣೆಯಲ್ಲಿ, ಇಡೀ ಬರಾಂಕಿಯಾ ಊರಿನಲ್ಲೇ ಅನ್ನಿ, ಕೂಗದೆ ಮಾತಾಡುವ ಹೆಂಗಸು ಇವರೊಬ್ಬರೇ. ಅರವತ್ತೆಂಟು ವಯಸ್ಸಾದರೂ ಎಳೆ ಹುಡುಗಿಯಂಥ ಸಣ್ಣ ದನಿ. ಅದೂ ಒಲೆಯ ಕಡೆ ಮುಖ ಮಾಡಿಕೊಂಡೇ ಆಡುವ ಮಾತು.

ಹಾಗಾಗಿ ಜನವರಿಯ ಆ ಭಾನುವಾರ ನಾನು ಅವರ ಮನೆಯಲ್ಲೇ ಊಟಕ್ಕೆ ಕೂತಿರದಿದ್ದರೆ ವಿಷಯವೇ ತಿಳಿಯುತ್ತಿರಲಿಲ್ಲ. ಮರಗೆಣಸು, ಬಾಳೆಕಾಯಿ ಹಾಕಿ ಕುದಿಸಿದ ಮೀನಿನ ಸಂಕೋಚೊ ಸಾರು ಇತ್ತು, ಜೊತೆಗೆ ತೆಂಗಿನ ಹಾಲಿನ ಅನ್ನ. ಎಲ್ಲರಿಗೂ ಬಡಿಸಿ ಮುಗಿಸಿದ ಎಡಿಲ್ಮಾ ಸೌಟು ಕೆಳಗಿಟ್ಟರು.

"ಕಾರ್ನಿವಲ್ ಮುಗಿದ ಮಾರನೇ ದಿನ ನಾನು ಸಿಯೆನಗಾಕ್ಕೆ ಹೋಗ್ತೀನಿ. ತುಲಿಯಾ ಮನೇಲೇ ಇದ್ಬಿಡ್ತೀನಿ. ತಿರುಗಿ ಬರಲ್ಲ."

ತುಲಿಯಾ ಅವರ ತಂಗಿ. ಎಲ್ಲರೂ ತುತ್ತು ಬಾಯಲ್ಲಿಟ್ಟುಕೊಂಡು ನಿಕಾನೋರ್ ಕಡೆ ತಿರುಗಿದೆವು. ಐವತ್ತು ವರ್ಷ ಸಂಸಾರ ಮಾಡಿದ ಗಂಡ ಮೀನಿನ ತಲೆಯಿಂದ ಮುಳ್ಳು ಬಿಡಿಸುತ್ತಾ ಇದ್ದರು. ಹೆಂಡತಿಯ ತುಟಿ ಆಡಿದ್ದನ್ನು ನೋಡಿ, ತಲೆದೂಗಿ ಹೇಳಿದರು:

"ಒಳ್ಳೇದು, ಒಳ್ಳೇದು. ಆ ಅನ್ನ ಇನ್ನೊಂದು ಸೌಟು ಹಾಕು."

ಮಗಳು ಯಾನೆರಿಸ್ ಕುರ್ಚಿಯಿಂದ ಎದ್ದೇಬಿಟ್ಟಳು. "ಅಪ್ಪಾ!"

"ಏನೇ ಅದು? ಅನ್ನ ಕೇಳಿದ್ದೂ ತಪ್ಪಾ?"

ಎಡಿಲ್ಮಾ ಮಗಳ ಕೈಹಿಡಿದು ಕೂರಿಸಿದರು. "ಬಿಡು. ಅವನು ಉತ್ತರ ಕೊಟ್ಟಾಯ್ತು, ನೀವೆಲ್ಲ ಕೇಳಿಸ್ಕೊಂಡಿರಿ. ಇನ್ನು ಯಾರಾದ್ರೂ ಈ ಮಾತು ಅವನ ಮುಂದೆ ಎತ್ತಿ, ನನ್ನ ಪರವಾಗಿ ಬೇಡಿಕೊಂಡ್ರೆ, ಕಾರ್ಮೆನ್ ಮಾತೆಯ ಆಣೆ, ಆವತ್ತೇ ಹೊರಟುಬಿಡ್ತೀನಿ. ಬೇಡಿಸ್ಕೊಂಡು ಉಳಿಯೋ ಗತಿ ನನಗೆ ಬಂದಿಲ್ಲ."

ನಿಕಾನೋರ್ ಕೈಗೆ ಅನ್ನ ಬಂತು. ನಮ್ಮೆಲ್ಲರ ಊಟ ಅಲ್ಲಿಗೇ ನಿಂತಿತು.

ನನಗಂತೂ ಆ ಮನುಷ್ಯನ ಮೇಲೆ ಮೈಯೆಲ್ಲ ಉರಿದಿತ್ತು. ಎಡಿಲ್ಮಾ ಬೆಳಗಿನ ನಾಲ್ಕೂವರೆಗೆ ಎದ್ದು, ಮೆಕ್ಕೆಜೋಳದ ಅರೆಪಾ ರೊಟ್ಟಿ ಕರಿದು, ಅದರ ಹೊಟ್ಟೆಗೆ ಮೊಟ್ಟೆ ಒಡೆದು ಸುರಿದು, ಮತ್ತೆ ಕರಿದು ಬಾಗಿಲಲ್ಲೇ ಮಾರುತ್ತಾರೆ. ಹತ್ತು ಗಂಟೆಗೆ ಬಾಣಲೆ ತೊಳೆದಿಟ್ಟು ನನ್ನಲ್ಲಿಗೆ ಬಂದು ಐದು ನಿಮಿಷ ಕೂರುತ್ತಾರೆ. ಮಾರನೇ ದಿನ ಬಂದಾಗ ಹೇಳಿದರು:

"ಹನ್ನೊಂದು ವರ್ಷ ಆಯ್ತು ಕಣೇ. ಹಲ್ಲು ನೋಯ್ತಿದೆ ಅಂದ್ರೂ ಒಳ್ಳೇದು. ಹಾಲು ಒಡೀತು ಅಂದ್ರೂ ಒಳ್ಳೇದು. ಹೋದ ಮಳೆಗಾಲದಲ್ಲಿ ಹಿತ್ತಲ ಗೋಡೆ ಬಿತ್ತು ಅಂತ ಹೇಳಿದ್ರೆ, ಒಳ್ಳೇದು ಅಂದ್ಬಿಟ್ಟು ರೇಡಿಯೊ ಕಿವಿಗಿಟ್ಕೊಂಡ. ನಿನ್ನೆ ಪರೀಕ್ಷೆ ಮಾಡೋಣ ಅಂತಾನೇ ಎಲ್ಲರ ಮುಂದೆ ಹೇಳ್ದೆ. ಬೇಡ ಅಂತ ಒಂದು ಮಾತು ಬರುತ್ತೇನೋ ಅಂತ ಕಾದೆ."

ನಾನು ಅವರಿಗೆ ಕಾಫಿ ಕೊಟ್ಟೆ.

ನಿಕಾನೋರ್ ಸಾಮಾನ್ಯ ಮನುಷ್ಯರಲ್ಲ ಎನ್ನುವುದನ್ನೂ ಹೇಳಬೇಕು. ನಲವತ್ತು ವರ್ಷ ಅವರು ಪಿಕೊ, ಅಂದರೆ ಬೀದಿ ಕುಣಿತಕ್ಕೆ ಹಾಡು ಹಾಕುವ ದೊಡ್ಡ ಸೌಂಡ್ ಸಿಸ್ಟಮ್, ಇಟ್ಟುಕೊಂಡಿದ್ದರು. ಮನುಷ್ಯನಿಗಿಂತ ಎತ್ತರದ ಸ್ಪೀಕರ್ ಪೆಟ್ಟಿಗೆಗಳು, ಅವುಗಳ ಎದೆಯ ಮೇಲೆ ಕಣ್ಣು ಕುಕ್ಕುವ ಬಣ್ಣದಲ್ಲಿ ಬರೆಸಿದ ಸಿಟ್ಟಿನ ಹುಂಜ, ಪಿಕೊದ ಹೆಸರೂ ಅದೇ. ಬೀದಿಯಲ್ಲಿ ಹುಂಜ ಕೂಗಿತೆಂದರೆ ಮೂರು ಬಡಾವಣೆಯ ಜನ ಕುಣಿಯಲು ಬರುತ್ತಿದ್ದರು. ಸದ್ದಿನ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು. ಯಾರ ಸ್ಪೀಕರ್ ಗೊರಗುಟ್ಟಿದರೂ ಅವರ ಮುಂದೆ ತಂದಿಡುತ್ತಿದ್ದರು, ಅವರು ಅಂಗೈ ಪೆಟ್ಟಿಗೆಯ ಮೇಲಿಟ್ಟು ರೋಗ ಹೇಳುತ್ತಿದ್ದರು. ಅವರಿಗೆ ಜನ ಇಟ್ಟ ಹೆಸರೇ ರೆಬೋಲೊದ ಕಿವಿ. ಬೆನ್ನು ನೋವೆಂದು ಹುಂಜವನ್ನು ಮಾರಿ ಹತ್ತು ವರ್ಷವಾದರೂ ಆ ಹೆಸರು ಉಳಿದಿತ್ತು, ಅದನ್ನು ಕೇಳಿದಾಗ ಎಪ್ಪತ್ತೊಂದರ ಆ ಎದೆ ಇನ್ನೂ ಉಬ್ಬುತ್ತಿತ್ತು.

ಉಪಾಯ ಹೂಡಿದವಳು ಮೊಮ್ಮಗಳು ಡಾರ್ಲಿಸ್. ಹತ್ತೊಂಬತ್ತರ ಹುಡುಗಿ, ತಾಂತ್ರಿಕ ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಾಳೆ. ನನ್ನ ಕನ್ನಡಿಯ ಮುಂದೆ ಕೂತು, ನಾನು ಕೂದಲ ತುದಿ ಕತ್ತರಿಸುತ್ತಿರುವಾಗ ಯೋಜನೆ ಬಿಚ್ಚಿದಳು.

"ಅಜ್ಜ ಜಗಲೀಲಿ ರೇಡಿಯೊ ಹಿಡ್ಕೊಂಡು ಕೂರ್ತಾರೆ. ಅಜ್ಜಿ ಕೋಣೇಲಿ ಆ ಪುಟ್ಟ ಟಿ.ವಿ. ಮುಂದೆ ಒಬ್ಬರೇ ಸೀರಿಯಲ್ ನೋಡ್ತಾರೆ. ಮಾತಾಡಕ್ಕೆ ಒಂದು ಜಾಗಾನೇ ಇಲ್ಲ. ನಡುಮನೇಲಿ ಒಂದು ಹೋಮ್ ಥಿಯೇಟರ್ ಕೂಡಿಸಿದ್ರೆ? ಒಳ್ಳೇ ಸದ್ದು ಅಂದ್ರೆ ಅಜ್ಜ ಒಳಗೆ ಬರ್ತಾರೆ. ದೊಡ್ಡ ಟಿ.ವಿ. ಅಂದ್ರೆ ಅಜ್ಜಿ ಈಚೆ ಬರ್ತಾರೆ. ದಿನಾ ಒಂದು ಗಂಟೆ ಪಕ್ಕಪಕ್ಕ ಕೂತ್ರೆ ಜಗಳಾನಾದ್ರೂ ಆಡ್ತಾರೆ."

"ಜಗಳ ಆಡಿಸಕ್ಕೆ ಹೋಮ್ ಥಿಯೇಟರಾ?"

"ಸುಮ್ನಿರೋದಕ್ಕಿಂತ ಜಗಳ ವಾಸಿ ಅಲ್ವಾ?"

ಹುಡುಗಿಯ ಮಾತು ನನಗೆ ಸರಿ ಎನಿಸಿತು. ತೊಡಕಿದ್ದದ್ದು ದುಡ್ಡಿನಲ್ಲಿ. ಬಸ್ಸು ಓಡಿಸುವ ಅವಳಪ್ಪ ಅರ್ಗೆಮಿರೊ ಕೈಯಲ್ಲಿ ಡಿಸೆಂಬರಿನ ಬೋನಸ್ಸಿನದ್ದು ಎಂಟು ಲಕ್ಷ ಪೆಸೊ, ಅಂದರೆ ಒಂದು ಬಟ್ಟೆ ಒಗೆಯುವ ಮಷೀನಿನ ಬೆಲೆಯಷ್ಟು, ಉಳಿದಿತ್ತು, ಅದರ ಮೇಲೆ ಯಾನೆರಿಸಳ ಕಣ್ಣಿತ್ತು. ಆ ಸಂಜೆ ಗೋಡೆಯಾಚೆಯಿಂದ ಎಲ್ಲ ಕೇಳಿಸಿತು.

"ಬಟ್ಟೆ ಒಗೆಯೋ ಮಷೀನ್ ತರ್ತೀನಿ ಅಂತ ಯಾರಪ್ಪ ಹೇಳಿದ್ದು?"

"ನಾನೇ ಹೇಳಿದ್ದು. ಆದ್ರೆ ನೋಡು, ಬಟ್ಟೆ ಕೈಯಲ್ಲೂ ಒಗೀಬಹುದು. ಅತ್ತೆ ಹೋದ್ರೆ ವಾಪಸ್ ತರೋ ಮಷೀನ್ ಯಾವ ಅಂಗಡೀಲೂ ಸಿಗಲ್ಲ."

"ಯಾರ ಕೈಯಲ್ಲಿ ಒಗೀಬಹುದು?"

"ನನ್ನ ಕೈಯಲ್ಲಿ," ಅಂದ ಅರ್ಗೆಮಿರೊ.

ಆ ಶನಿವಾರದಿಂದ ಅವನು ಹಿತ್ತಲಲ್ಲಿ ಮೊಣಕಾಲಿಗೆ ಪ್ಯಾಂಟು ಮಡಚಿ, ಕಲ್ಲಿನ ಮೇಲೆ ಬಟ್ಟೆ ಕುಕ್ಕತೊಡಗಿದ. ನಾನು ಬೇಕೆಂದೇ ನನ್ನ ಹಿತ್ತಲಿಗೆ ಹೋಗಿ, "ಕಾಲರ್ ಚೆನ್ನಾಗಿ ಉಜ್ಜಪ್ಪ," ಎಂದು ಸಲಹೆ ಕೊಟ್ಟೆ. ಅವನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ಎರಡನೇ ವಾರ ಆಯ್ಕೆಯ ಗಲಾಟೆ. ಡಾರ್ಲಿಸ್ ನಾಲ್ಕು ಹಾಳೆ ಟಿಪ್ಪಣಿ ಮಾಡಿ ಊಟದ ಮೇಜಿನ ಮೇಲೆ ಹರಡಿದಳು. ಹಳೆಯದಾದರೂ ಗಟ್ಟಿಮುಟ್ಟಾದ ಒಂದು ಆಂಪ್ಲಿಫೈಯರ್. ಎದುರಿಗೆ ಮೂರು, ಹಿಂದೆ ಎರಡು ಪುಟ್ಟ ಸ್ಪೀಕರ್. ದಪ್ಪ ದನಿಗೆ ಮೂಲೆಯಲ್ಲೊಂದು ಪೆಟ್ಟಿಗೆ.

"ಎಲ್ಲಕ್ಕಿಂತ ಮುಖ್ಯ ಟಿ.ವಿ. ಕೆಳಗಿನ ನಡುವಿನ ಸ್ಪೀಕರ್. ಮಾತೆಲ್ಲ ಅದರಿಂದಾನೇ ಬರೋದು. ದುಡ್ಡಲ್ಲಿ ಅರ್ಧ ಅದಕ್ಕೇ ಹಾಕೋಣ."

ನಿಕಾನೋರ್ ಹಾಳೆಯಲ್ಲಿದ್ದ ಚಿತ್ರವನ್ನು ದೂರ ಹಿಡಿದು ನೋಡಿದರು. "ಇವು ಸ್ಪೀಕರಾ, ಸೋಪಿನ ಡಬ್ಬಿಗಳಾ?"

"ಅಜ್ಜ, ನಮ್ಮ ನಡುಮನೆ ನಾಲ್ಕು ಮೀಟರ್ ಉದ್ದ ಇದೆ ಅಷ್ಟೇ."

"ಮನೆ ಚಿಕ್ಕದಾದ್ರೆ ಕಿವೀನೂ ಚಿಕ್ಕದಾಗುತ್ತಾ? ಹೊಳಪು ಬೇಕು ಮಗಳೇ, ಹೊಳಪು!"

ಪಿಕೊದವರ ಮಾತಿನಲ್ಲಿ ಹೊಳಪು ಎಂದರೆ ಸಣ್ಣ ದನಿ. ಗಂಟೆ, ತಾಳ, ಹೆಂಗಸಿನ ಕೊರಳು ಮಿಂಚಿ ಹೊರಬರುವುದಕ್ಕೆ ಅವರು ಸ್ಪೀಕರಿನ ನೆತ್ತಿಯ ಮೇಲೆ ಸಾಲಾಗಿ ಟ್ವೀಟರ್ ಕೊಂಬುಗಳನ್ನು ಕಟ್ಟುತ್ತಾರೆ.

ಎಡಿಲ್ಮಾ ಒಲೆಯ ಕಡೆಯಿಂದಲೇ ಏನೋ ಹೇಳಿದರು. ನನಗೆ ಕೇಳಿಸಿತು: "ಹೊಳಪು ಬೇಕಂತೆ, ಮನೇಲಿ ಮಾತಾಡಕ್ಕೆ ಎರಡು ಪದ ಇಲ್ಲ." ನಿಕಾನೋರ್ ಅತ್ತ ತಿರುಗಲೂ ಇಲ್ಲ.

ಗುರುವಾರ ಮಾರುಕಟ್ಟೆಯ ಹಳೇ ಸಾಮಾನಿನ ಸಾಲಿಗೆ ನಾಲ್ಕು ಜನ ಹೋದೆವು. ನನಗೂ ಒಂದು ಕೂದಲೊಣಗಿಸುವ ಯಂತ್ರ ಬೇಕಿತ್ತು, ಅದು ನೆವ. ಅನಿಬಾಲ್ ಎಂಬವನ ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ಸ್ಪೀಕರುಗಳೇ. ನಿಕಾನೋರ್ ಒಳಗೆ ಕಾಲಿಟ್ಟದ್ದೇ ಅವನು ಸ್ಟೂಲಿನ ಧೂಳು ಒರೆಸಿದ.

"ಗುರುಗಳೇ! ರೆಬೋಲೊದ ಕಿವಿ ನನ್ನ ಅಂಗಡಿಗೆ! ನಮ್ಮಪ್ಪ ಬದುಕಿದ್ದಿದ್ರೆ ಅತ್ತೇಬಿಡ್ತಿದ್ರು."

"ನಿಮ್ಮಪ್ಪ ನನಗೆ ಸುಟ್ಟ ಟ್ರಾನ್ಸ್‌ಫಾರ್ಮರ್ ಮಾರಿದ್ದ. ಇರಲಿ, ಹಾಕು ಒಂದು ಹಾಡು."

ಡಾರ್ಲಿಸ್ ಒಂದು ಜೊತೆ ಪುಟ್ಟ ಸ್ಪೀಕರ್ ತೋರಿಸಿದಳು. ನನ್ನ ಕಿವಿಗೆ ಚೆನ್ನಾಗಿಯೇ ಇತ್ತು, ಹಾಡುವವಳು ಎದುರಿಗೆ ನಿಂತು ಹಾಡಿದ ಹಾಗೆ. ನಿಕಾನೋರ್ ಅಂಗೈ ಮೇಲಿಟ್ಟು ಕಣ್ಣು ಮುಚ್ಚಿದರು.

"ಡೊಳ್ಳು ಇದೆ. ಹುಡುಗಿ ಎಲ್ಲಿ?"

"ಹಾಡ್ತಾ ಇದಾಳಲ್ಲ ಗುರುಗಳೇ."

"ಏನು ಹಾಡ್ತಿದಾಳೆ, ಬಾಯಲ್ಲಿ ಹತ್ತಿ ಇಟ್ಕೊಂಡು? ಹೊಳಪು ಏರಿಸು."

ಅನಿಬಾಲ್ ತಿರುಪು ತಿರುಗಿಸಿದ. ಇನ್ನೂ ಏರಿಸು ಎಂದರು. ಏರಿಸಿದ. ಕೊನೆಗೆ ತಿರುಪು ತಿರುಗಲು ಜಾಗವಿಲ್ಲದೆ ನಿಂತಾಗ ಅರ್ಗೆಮಿರೊ ಕಿವಿ ಮುಚ್ಚಿಕೊಂಡು ಅಂಗಡಿಯಿಂದ ಹೊರಗೆ ಹೋಗಿದ್ದ, ಪಕ್ಕದ ಮೀನಿನಂಗಡಿಯವಳು ಬಂದು ಯಾರು ಯಾರನ್ನು ಕೊಲ್ಲುತ್ತಿದ್ದೀರಿ ಎಂದು ಕೇಳಿದ್ದಳು. ನಿಕಾನೋರ್ ಮಾತ್ರ ತಲೆ ಅಲ್ಲಾಡಿಸಿ, ಮೂಲೆಯಲ್ಲಿ ನೇತುಹಾಕಿದ್ದ ಎಂಟು ಕಂಚಿನ ಬಣ್ಣದ ಕೊಂಬುಗಳ ಕಡೆ ಬೆರಳು ತೋರಿಸಿದರು. ಯಾವುದೋ ಪಿಕೊದಿಂದ ಕಳಚಿದವು.

"ಅವನ್ನ ಕಟ್ಟು."

"ಮನೆಯೊಳಕ್ಕಾ?" ಅನಿಬಾಲ್ ಡಾರ್ಲಿಸ್ ಮುಖ ನೋಡಿದ.

ಡಾರ್ಲಿಸ್ ಅಂಗಡಿಯ ಹೊರಗೆ ನಿಂತಿದ್ದ ಅವಳಪ್ಪನ ಮುಖ ನೋಡಿದಳು. ರೆಬೋಲೊದ ಕಿವಿಗೆ ಎದುರಾಡುವ ಗಂಡಸು ನಮ್ಮ ಕಡೆ ಹುಟ್ಟಿಲ್ಲ. ನಡುವಿನ ಸ್ಪೀಕರಿಗೆಂದು ಇಟ್ಟಿದ್ದ ದುಡ್ಡೆಲ್ಲ ಆ ಕೊಂಬುಗಳಿಗೆ ಹೋಯಿತು. ನನ್ನ ಕೂದಲೊಣಗಿಸುವ ಯಂತ್ರವನ್ನು ಅನಿಬಾಲ್ ಅರ್ಧ ಬೆಲೆಗೆ ಕೊಟ್ಟ, ಅದೊಂದು ಲಾಭ.

ಮೂರನೇ ವಾರವೆಲ್ಲ ತಂತಿ ಎಳೆದದ್ದು, ಗೋಡೆ ಕೊರೆದದ್ದು. ನನ್ನ ಗೋಡೆಯ ಸುಣ್ಣ ಒಂದು ಬುಟ್ಟಿಯಷ್ಟು ಉದುರಿತು. ಯಾನೆರಿಸ್ ಪ್ರತಿ ಸಂಜೆ ಕಸ ಗುಡಿಸುತ್ತಾ, "ಮಷೀನ್ ಬಂದಿದ್ರೆ ಇಷ್ಟೊತ್ತಿಗೆ ನನ್ನ ಬಟ್ಟೆ ಒಣಗಿರ್ತಿತ್ತು," ಎಂದು ಎಲ್ಲರಿಗೂ ಒಂದೊಂದು ಸಲ ಹೇಳುತ್ತಿದ್ದಳು. ಎಡಿಲ್ಮಾ ಸ್ಪೀಕರುಗಳನ್ನು ತಿರುಗಿಯೂ ನೋಡಲಿಲ್ಲ. ಅವರು ಕಪಾಟಿನಿಂದ ಒಂದೊಂದೇ ಲಂಗ, ರವಿಕೆ ತೆಗೆದು ಮಡಚಿ ಕೆಂಪು ಸೂಟ್‌ಕೇಸಿಗೆ ಇಡುತ್ತಿದ್ದರು. ದಿನಕ್ಕೆ ಎರಡೇ ಬಟ್ಟೆ. ಅಷ್ಟು ನಿಧಾನವಾಗಿ ಸೂಟ್‌ಕೇಸ್ ತುಂಬುವವರಿಗೆ ಹೋಗುವ ಮನಸ್ಸಿಲ್ಲ ಎಂದು ನನಗೆ ಗೊತ್ತಿತ್ತು. ನಿಕಾನೋರ್ ಅದರ ಪಕ್ಕದಲ್ಲೇ ದಿನಾ ಓಡಾಡಿದರೂ ಏನೂ ಕೇಳಲಿಲ್ಲ. ಕಾರ್ನಿವಲ್ಲಿನ ಬಟ್ಟೆ ಹುಡುಕುತ್ತಿದ್ದಾಳೆ ಎಂದುಕೊಂಡಿದ್ದರಂತೆ.

ಎಲ್ಲ ಕಟ್ಟಿ ಮುಗಿದ ಸಂಜೆ ಡಾರ್ಲಿಸ್ ಸೋಫಾದ ಮೇಲೆ ಕೂತು ಸದ್ದು ಹೊಂದಿಸಲು ಹೊರಟರೆ ಅಜ್ಜ ಅವಳನ್ನು ತಡೆದರು.

"ಸೋಫಾ ಮೇಲೆ ಕೂತು ಯಾರಾದ್ರೂ ಸದ್ದು ಅಳೀತಾರೇನೇ? ಮೂಲೆಯಿಂದ ಅಳೀಬೇಕು."

ಪಿಕೊದವರ ಪದ್ಧತಿ ಅದು. ಬೀದಿಯ ಮೂಲೆಯಲ್ಲಿ ನಿಂತು ಕೇಳಿ, ಕೈಸನ್ನೆ ಮಾಡಿ, ಪೆಟ್ಟಿಗೆಯ ಹತ್ತಿರ ಇರುವವನಿಂದ ತಿರುಪು ತಿರುಗಿಸುವುದು. ನಾಲ್ಕು ಮೀಟರಿನ ನಡುಮನೆಯ ಹೋಮ್ ಥಿಯೇಟರನ್ನು ಆರು ಮನೆಯಾಚೆಯ ಕಿರಾಣಿ ಅಂಗಡಿಯ ಮುಂದೆ ನಿಂತು ಹೊಂದಿಸಿದವರು ಜಗತ್ತಿನಲ್ಲಿ ಇವರೊಬ್ಬರೇ ಇರಬೇಕು. ಅವರು ಅಲ್ಲಿಂದ ಕೈ ಮೇಲೆತ್ತುತ್ತಾರೆ, ಬಾಗಿಲಲ್ಲಿ ನಿಂತ ಅರ್ಗೆಮಿರೊ ಒಳಕ್ಕೆ ಕೂಗುತ್ತಾನೆ, ಡಾರ್ಲಿಸ್ ಹೊಳಪು ಏರಿಸುತ್ತಾಳೆ. ಬೀದಿಯ ನಾಯಿಗಳೆಲ್ಲ ಎದ್ದು ನಿಂತವು. ನನ್ನ ಗಿರಾಕಿಯೊಬ್ಬಳು ತಲೆಯಲ್ಲಿ ಸುರುಳಿ ಇಟ್ಟುಕೊಂಡೇ ಓಡಿಬಂದು ಏನಾಯಿತೆಂದು ಕೇಳಿದಳು. ಕೊನೆಗೆ ನಿಕಾನೋರ್ ಎರಡೂ ಕೈ ಎತ್ತಿ ಸರಿ ಎಂದು ಸನ್ನೆ ಮಾಡಿ, ಗೆದ್ದ ಪೈಲ್ವಾನನ ಹಾಗೆ ನಡೆದು ಬಂದರು.

ಮಾರನೇ ಸಂಜೆ ಆರಕ್ಕೆ ಸೀರಿಯಲ್. ಡಾರ್ಲಿಸ್ ಅಜ್ಜಿಯನ್ನು ಕೈಹಿಡಿದು ತಂದು ಸೋಫಾದ ಒಂದು ತುದಿಯಲ್ಲಿ ಕೂರಿಸಿದಳು, ಇನ್ನೊಂದು ತುದಿಯಲ್ಲಿ ಅಜ್ಜ. ನಡುವೆ ಯಾನೆರಿಸ್ ಕರಿದ ಬಾಳೆಕಾಯಿಯ ತಟ್ಟೆ. ನಾನು ಮೆಟ್ಟಿಲ ಮೇಲೆ.

ಸದ್ದು ಬಂತು ನೋಡಿ, ದೇವರೇ. ಒಂದೊಂದು ಸಕಾರವೂ ಕಿವಿಗೆ ಸೂಜಿ. ಸೀರಿಯಲ್ಲಿನ ವಿಧವೆ ಬಳೆ ಸರಿಸಿದರೆ ನಮ್ಮ ಹಲ್ಲು ಜುಂ ಎನ್ನುತ್ತಿತ್ತು. ಅರ್ಗೆಮಿರೊ ಎರಡು ಕಿವಿಗೂ ಬೆರಳಿಟ್ಟುಕೊಂಡು ಬಾಳೆಕಾಯಿಯನ್ನು ಯಾರು ತಿನ್ನಿಸುತ್ತಾರೆ ಎಂದು ನೋಡುತ್ತಿದ್ದ. ನಿಕಾನೋರ್ ಮಾತ್ರ ಮುಂದಕ್ಕೆ ಬಾಗಿ, ಮುಖವೆಲ್ಲ ಅರಳಿಸಿ ಕೂತಿದ್ದರು. ವಿಧವೆ ಅಳುತ್ತಾ, "ನನ್ನ ಮಾತು ನಂಬೋರು ಯಾರೂ ಇಲ್ವಾ?" ಎಂದಾಗ ಅವರು ಎದ್ದೇ ನಿಂತರು.

"ನಾನು ನಂಬ್ತೀನಿ ತಾಯಿ! ಆ ಭಾವಮೈದುನಾನೇ ಕಳ್ಳ! ಅವನ ಕೈಯಲ್ಲಿರೋ ಕಾಗದ ಕಿತ್ಕೋ!"

ನಾವೆಲ್ಲ ನಕ್ಕೆವು. ಅವರು ಕೂತರು, ಮತ್ತೆ ಎದ್ದರು, ವಿಧವೆಯ ಪ್ರತಿ ಮಾತಿಗೂ ಉತ್ತರ ಕೊಟ್ಟರು. ಸೀರಿಯಲ್ ಮುಗಿದಾಗ ಕಣ್ಣೊರೆಸಿಕೊಂಡು, "ಪಾಪ, ಎಂಥ ಒಳ್ಳೇ ಹೆಂಗಸು," ಎಂದರು.

ಆಗ ನಾನು ಎಡಿಲ್ಮಾ ಕಡೆ ನೋಡಿದೆ. ಅವರು ನಗುತ್ತಿರಲಿಲ್ಲ. ಕೊರಳಿಗೆ ಹಾಕಿಕೊಂಡಿದ್ದ ಅಡುಗೆ ಬಟ್ಟೆಯನ್ನು ತೆಗೆದು ಸೋಫಾದ ಮೇಲಿಟ್ಟು ಎದ್ದು ಹೋದರು. ಯಾನೆರಿಸ್ ಹಿಂದೆಯೇ ಓಡಿದಳು. ನಾನು ಮನೆಗೆ ಬಂದ ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಮಗಳ ದನಿ ಮಾತ್ರ ಕೇಳಿಸುತ್ತಿತ್ತು.

"ಅಮ್ಮಾ, ಅದು ಬರೀ ಟಿ.ವಿ.!... ಹೌದು, ಅವಳಿಗೆ ಉತ್ತರ ಕೊಟ್ರು, ನಿನಗೆ ಕೊಡಲ್ಲ, ಗೊತ್ತು... ಅಮ್ಮಾ, ಕಾರ್ನಿವಲ್‌ಗೆ ಇನ್ನು ಹತ್ತೇ ದಿನ ಇದೆ... ನಾಳೇನಾ? ನಾಳೆ ಯಾಕೆ?"

ಬರಾಂಕಿಯಾದ ಹೆಂಗಸು ಕಾರ್ನಿವಲ್ ಬಿಟ್ಟು ಊರಿಂದ ಹೋಗುತ್ತೇನೆಂದರೆ ಎಷ್ಟು ನೊಂದಿರಬೇಕು, ನೀವೇ ಯೋಚಿಸಿ. ನನಗೆ ಆವತ್ತು ಊಟ ರುಚಿಸಲಿಲ್ಲ.

ಮಾರನೇ ದಿನ ಮಧ್ಯಾಹ್ನ ನಾಲ್ಕಕ್ಕೆ ನಾನು ಬೀಳ್ಕೊಡಲು ಹೋದಾಗ ಕೆಂಪು ಸೂಟ್‌ಕೇಸ್ ಬಾಗಿಲಲ್ಲಿತ್ತು. ಐದೂವರೆಯ ಬಸ್ಸು. ಎಡಿಲ್ಮಾ ಹೊಸ ಚಪ್ಪಲಿ ಮೆಟ್ಟಿಕೊಂಡು ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ನಡುಮನೆಯಲ್ಲಿ ಬೇರೊಂದು ಜಗಳ ನಡೆದಿತ್ತು.

"ಮಾವ, ನನ್ನ ತಲೆ ಸಿಡೀತಿದೆ. ಆ ಕೊಂಬು ವಾಪಸ್ ಕೊಟ್ಬರ್ತೀನಿ," ಅರ್ಗೆಮಿರೊ ಕೂಗುತ್ತಿದ್ದ.

"ನಿನ್ನ ತಲೇಲಿ ಬಸ್ಸಿನ ಹಾರ್ನ್ ತುಂಬ್ಕೊಂಡಿದೆ. ಇದಕ್ಕಿಂತ ಒಳ್ಳೇ ಸದ್ದು ಈ ಬೀದೀಲಿ ಯಾರ ಮನೇಲಿದೆ ತೋರಿಸು!"

"ಇಬ್ರೂ ಸುಮ್ನಿರಿ," ಎಂದಳು ಡಾರ್ಲಿಸ್. "ಪರೀಕ್ಷೆ ಮಾಡೇಬಿಡೋಣ. ನಮ್ಮ ಸಂಸ್ಥೇಲಿ ಹೀಗೇ ಮಾಡ್ತೀವಿ. ಒಂದು ದನಿ ಬರುತ್ತೆ, ದಪ್ಪದಿಂದ ಶುರುವಾಗಿ ಸಣ್ಣಗಾಗ್ತಾ ಹೋಗುತ್ತೆ. ಕೇಳಿಸೋ ತನಕ ಎಲ್ರೂ ಕೈ ಎತ್ತಿ ಹಿಡ್ಕೊಳ್ಳಿ. ಅಜ್ಜಿ, ನೀವೂನೂ. ಎರಡೇ ನಿಮಿಷ, ಬಸ್ಸು ತಪ್ಪಲ್ಲ."

ಆ ಹುಡುಗಿಗೆ ಅನುಮಾನವಿತ್ತೋ ಇಲ್ಲವೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಐದು ಕೈ ಮೇಲೆದ್ದವು. ಹಡಗಿನ ಕೂಗಿನಂಥ ದಪ್ಪ ದನಿ ಶುರುವಾಗಿ ಮೆಲ್ಲಗೆ ಏರತೊಡಗಿತು. ಕೊಳಲಿನಷ್ಟಾಯಿತು, ಸಿಳ್ಳೆಯಷ್ಟಾಯಿತು. ನಿಕಾನೋರ್ ಕೈ ನೆಟ್ಟಗೆ ನಿಂತಿತ್ತು, ಆದರೆ ಅವರ ಕಣ್ಣು ನಮ್ಮ ಕೈಗಳ ಮೇಲೆ ಓಡಾಡುತ್ತಿತ್ತು. ಡಾರ್ಲಿಸ್ ದನಿ ನಿಲ್ಲಿಸಿದಳು.

"ಇನ್ನೊಂದ್ಸಲ. ಈಗ ಎಲ್ರೂ ಕಣ್ಣು ಮುಚ್ಕೊಳ್ಳಿ."

ಮುಚ್ಚಿಕೊಳ್ಳಬೇಕೆಂದಿದ್ದರೂ ನಾನು ಅರ್ಧ ತೆರೆದೇ ಇಟ್ಟಿದ್ದೆ. ದನಿ ಮತ್ತೆ ಏರಿತು. ಕೊಳಲಿನಷ್ಟಾಗುವ ಹೊತ್ತಿಗೆ ನಿಕಾನೋರ್ ಕೈ ಕೆಳಗಿಳಿದು ತೊಡೆಯ ಮೇಲೆ ಕೂತಿತು. ಪರೀಕ್ಷೆ ಮುಗಿಯಿತೆಂದು ನಂಬಿ, ಕಣ್ಣು ಮುಚ್ಚಿಕೊಂಡೇ ಮುಗುಳ್ನಗುತ್ತಾ ಕೂತಿದ್ದರು. ದನಿ ಏರುತ್ತಲೇ ಹೋಯಿತು. ನಮ್ಮ ನಾಲ್ಕು ಕೈ ಮೇಲೆಯೇ ಇದ್ದವು. ಯಾನೆರಿಸ್ ಕಣ್ಣು ಬಿಟ್ಟಳು, ಅರ್ಗೆಮಿರೊ ಬಿಟ್ಟ. ಕೊನೆಗೆ ಎಡಿಲ್ಮಾ ಕಣ್ಣು ಬಿಟ್ಟು ಗಂಡನ ತೊಡೆಯ ಮೇಲಿದ್ದ ಆ ಕೈಯನ್ನು ನೋಡಿದರು.

ನಿಕಾನೋರ್ ಕಣ್ಣು ತೆರೆದಾಗ ಸುತ್ತಲೂ ಎತ್ತಿದ ಕೈಗಳು.

"ಇನ್ನೂ ಬರ್ತಿದೆಯಾ?" ಎಂದು ಕೇಳಿದರು.

ಎಡಿಲ್ಮಾ ಎದ್ದು ಬಂದು ಅವರ ಪಕ್ಕದಲ್ಲಿ ನಿಂತು, ತಮ್ಮ ಮಾಮೂಲಿ ಸಣ್ಣ ದನಿಯಲ್ಲಿ ಕೇಳಿದರು: "ನಿಕಾನೋರ್, ನಾನು ಮಾತಾಡೋದು ನಿನಗೆ ಕೇಳಿಸುತ್ತಾ?"

ಅವರು ಹೆಂಡತಿಯ ತುಟಿ ಆಡಿದ್ದು ನೋಡಿ ತಲೆದೂಗಿದರು. "ಒಳ್ಳೇದು, ಒಳ್ಳೇದು."

ಎಡಿಲ್ಮಾ ಬಾಯಿಗೆ ಕೈ ಅಡ್ಡ ಹಿಡಿದರು. ಯಾನೆರಿಸ್ ಅಪ್ಪನ ಕಿವಿಯ ಬಳಿ ಬಾಗಿ ಕೂಗಿದಳು: "ಅಪ್ಪಾ, ಎಷ್ಟು ದಿನದಿಂದ ಹೀಗೆ?"

ಮುದುಕರು ಮೊದಲು ರೇಗಿದರು. ನನ್ನ ಕಿವಿಗೇನಾಗಿದೆ, ನಿಮ್ಮ ಯಂತ್ರವೇ ಸರಿಯಿಲ್ಲ ಎಂದರು. ಆಮೇಲೆ ನೆಲ ನೋಡುತ್ತಾ ಹೇಳಿದರು.

"ಒಂದಿನ ಕುಣಿತದ ನಡುವೆ ಹುಂಜದ ಕೊಂಬೆಲ್ಲ ಸುಟ್ಟು ಹೋಗಿತ್ತು. ಜನ ಬಂದು ಹೇಳೋ ತನಕ ನನಗೆ ಗೊತ್ತೇ ಆಗ್ಲಿಲ್ಲ. ಅದಕ್ಕೇ ಮಾರಿದ್ದು. ಬೆನ್ನು ನೋವು ಅಂದಿದ್ದು ಸುಳ್ಳು. ಗಂಡಸರ ಮಾತು ಕೇಳಿಸುತ್ತೆ, ಲಾರಿ ಕೇಳಿಸುತ್ತೆ, ಯಾನೆರಿಸ್ ಅಂತೂ ನಾನು ಸತ್ತ ಮೇಲೂ ಕೇಳಿಸ್ತಾಳೆ. ಇವಳ ದನಿ ಮಾತ್ರ ಮೆಲ್ಲಮೆಲ್ಲಗೆ ಹೋಗ್ಬಿಡ್ತು. ಏನಂತ ಹೇಳ್ಲಿ? ರೆಬೋಲೊದ ಕಿವಿ ಕೆಟ್ಟೋಯ್ತು ಅಂತ ಹೇಳ್ಲಾ? ಅದಕ್ಕೇ ಎಲ್ಲಕ್ಕೂ ಒಳ್ಳೇದು ಅಂತಿದ್ದೆ. ಒಳ್ಳೇದು ಅಂದ್ರೆ ಯಾರಿಗೂ ಬೇಜಾರಾಗಲ್ಲ ಅಂದ್ಕೊಂಡೆ."

ಹನ್ನೊಂದು ವರ್ಷ ಆ ಹೆಂಗಸು ಗಂಡನಿಗೆ ತಾನು ಬೇಡವಾದೆನೆಂದು ನೊಂದುಕೊಂಡು ಬದುಕಿದ್ದರು. ಅವರ ಮುಖ ನೋಡಿ ನನಗೆ ಅಳು ಬಂತು, ಜೊತೆಗೆ ಆ ಮುದುಕನ ತಲೆಗೆ ಸೌಟಿನಿಂದ ಒಂದು ಕೊಡಬೇಕೆಂದೂ ಅನ್ನಿಸಿತು.

ಡಾರ್ಲಿಸ್ ಆಂಪ್ಲಿಫೈಯರ್ ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಕೈಯಾಡಿಸಿ, ಹಾಡು ಹೇಳುವುದಕ್ಕೆಂದು ಜೊತೆಗೆ ಕೊಟ್ಟಿದ್ದ ಒಂದು ಅಗ್ಗದ ಮೈಕು ತೆಗೆದಳು. ಅದರ ತಂತಿ ಸಿಕ್ಕಿಸಿ ಅಜ್ಜಿಯ ಕೈಗಿಟ್ಟಳು.

"ನಾನೇನು ಹೇಳ್ಲೇ ಇದರಲ್ಲಿ?" ಎಡಿಲ್ಮಾ ಗಾಬರಿಯಾಗಿ ಕೇಳಿದ್ದೇ ಎಂಟು ಕೊಂಬುಗಳಿಂದಲೂ ಹೊರಟು ಬೀದಿಗೆ ಹೋಯಿತು. ಅವರೇ ಬೆಚ್ಚಿಬಿದ್ದರು.

ನಿಕಾನೋರ್ ತಟ್ಟನೆ ತಲೆಯೆತ್ತಿದರು. ಆ ಮುಖವನ್ನು ನಾನು ಸಾಯುವತನಕ ಮರೆಯುವುದಿಲ್ಲ. "ಎಡಿಲ್ಮಾ," ಎಂದರು. "ನಿನ್ನ ದನಿ. ಹಾಗೇ ಇದೆ. ಹೇಳು, ಏನಾದ್ರೂ ಹೇಳು."

ಎಡಿಲ್ಮಾ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಐದೂವರೆ ಬಸ್ಸಿಗೆ ನಾನು ಸಿಯೆನಗಾಕ್ಕೆ ಹೋಗ್ತಿದೀನಿ. ತಿರುಗಿ ಬರಲ್ಲ."

"ಏನು?" ನಿಕಾನೋರ್ ಎದ್ದ ರಭಸಕ್ಕೆ ಕುರ್ಚಿ ಉರುಳಿತು. "ಯಾಕೆ? ಯಾರೇನಂದ್ರು ನಿನಗೆ? ಯಾವಾಗ ನಿಶ್ಚಯ ಆಗಿದ್ದು ಇದು? ನನಗೆ ಯಾರೂ ಹೇಳೇ ಇಲ್ವಲ್ಲ!"

"ಮೂರು ವಾರ ಆಯ್ತು, ಊಟಕ್ಕೆ ಕೂತಾಗ ನಾನೇ ಹೇಳ್ದೆ. ನೀನು ಒಳ್ಳೇದು ಅಂದೆ."

"ನಾನಾ?" ಅವರು ನಮ್ಮೆಲ್ಲರ ಮುಖ ನೋಡಿದರು. ನಾವೆಲ್ಲ ತಲೆದೂಗಿದೆವು. "ಅಯ್ಯೋ ನನ್ನ ಮುದುಕೀ, ಸಾರಿಗೆ ಉಪ್ಪು ಸರಿಯಾಗಿದೆಯಾ ಅಂತ ಕೇಳ್ತಿದೀಯ ಅಂದ್ಕೊಂಡೆ!"

ಅರ್ಗೆಮಿರೊ ನಗಲು ಹೋಗಿ ಹೆಂಡತಿಯ ಕಣ್ಣು ನೋಡಿ ತಡೆದುಕೊಂಡ. ನಿಕಾನೋರ್ ಎರಡು ಹೆಜ್ಜೆ ಮುಂದೆ ಬಂದು ಹೆಂಡತಿಯ ಎದುರು ನಿಂತರು.

"ಹೋಗ್ಬೇಡ ಎಡಿಲ್ಮಾ."

ಕಿವಿ ಕೆಟ್ಟವರ ದನಿ ಅದು, ಕೂಗಿದಂತೆಯೇ ಬಂತು. ನನ್ನ ಮನೆಯಲ್ಲಿ ಕೂತಿದ್ದ ಗಿರಾಕಿಗೂ ಕೇಳಿಸಿತಂತೆ.

ಎಡಿಲ್ಮಾ ಕಣ್ಣೊರೆಸಿಕೊಂಡರು. ಮೈಕನ್ನು ಬಾಯಿಯ ಹತ್ತಿರ ತಂದರು.

"ಕೇಳಿಸ್ಲಿಲ್ಲ," ಎಂದರು. "ಇನ್ನೊಂದ್ಸಲ ಹೇಳು."

ಅವರು ಇನ್ನೊಂದು ಸಲ ಹೇಳಿದರು.